ಕರೊಟು ತೋರಿಸಿದ ಮೂರು ಬಾವಿ

ಕರೊಟುವಿನ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಬೈಗುಳದ ಜೊತೆ. ನಾನು ಅಂಗಳದಲ್ಲಿ ಕೂತು ಚಾಪೆಗೆಂದು ಮುಂಡುಗದ ಗರಿ ಸೀಳುತ್ತಿದ್ದೆ. ತಂಗಿ ಮಯೆರೆ ಒಳಗಡಲಿನ ದಂಡೆಯಿಂದ ದಾಪುಗಾಲು ಹಾಕಿಕೊಂಡು ಬಂದವಳೇ ಮೀನಿನ ಬುಟ್ಟಿಯನ್ನು ಎಸೆದ ಹಾಗೆ ಇಟ್ಟಳು.

"ಅಕ್ಕಾ, ಹಡಗು ಬಿಟ್ಟು ಬಂದಿದಾನಲ್ಲ ಒಬ್ಬ, ದಕ್ಷಿಣದ ದ್ವೀಪದೋನು, ಕರೊಟು ಅಂತೆ. ನೀರು ಕೇಳ್ದ, ಕೊಟ್ಟೆ. ಬಾಯಿಗೆ ಹಾಕ್ಕೊಂಡು ಆ ದವಡೆ ಈ ದವಡೆ ಆಡಿಸಿ ನನ್ನ ಕಾಲ ಹತ್ರಾನೇ ಉಗಿದ!"

"ಉಗಿದ್ನಾ?"

"ಉಗಿದು, ಜೇಬಿಂದ ಪುಸ್ತಕ ತೆಗೆದು ಏನೋ ಗೀಚ್ಕೊಂಡ. ಆಮೇಲೆ ಪಕ್ಕದ ಮನೇಲೂ ಕೇಳ್ದ, ಅಲ್ಲೂ ಉಗಿದ. ಏಳು ಮನೆ ಆಗಿದೆ ಇವತ್ತಿಗೆ. ಹುಚ್ಚ ಇರಬೇಕು."

ಕೊಟ್ಟ ನೀರನ್ನು ಉಗಿಯುವುದೆಂದರೆ ಕೊಟ್ಟವರ ಮುಖಕ್ಕೆ ಉಗಿದ ಹಾಗೆಯೇ. ನನ್ನ ಗಂಡ ಆಗ ಇನ್ನೂ ಇದ್ದರು. ತೆಂಗಿನ ಮರದಿಂದ ನೀರಾ ಇಳಿಸಿಕೊಂಡು ಬಂದವರು ಚೂರಿ ಒರೆಸಿಕೊಳ್ಳುತ್ತಾ ನಕ್ಕುಬಿಟ್ಟರು. "ಅವನು ಹೆಣ್ಣು ಹುಡುಕ್ಕೊಂಡು ಬಂದಿದಾನೆ ಅಂತ ಕೇಳಿದ್ದೆ. ನೀರು ಹುಡುಕ್ತಿದಾನಾ?" ಎಂದರು.

ಎರಡೂ ನಿಜವಾಗಿತ್ತು. ಐದು ತಿಂಗಳಿಗೆ ಮಯೆರೆ ಅವನನ್ನೇ ಮದುವೆಯಾದಳು. "ಉಗಿದೋನ್ನೇ ಕಟ್ಕೊಂಡ್ಯಲ್ಲೇ" ಎಂದರೆ, "ಉಗಿಯೋದು ಬಿಡಿಸ್ತೀನಿ ನೋಡ್ತಿರು" ಎಂದಳು. ಅವಳ ಕೈಯಲ್ಲಿ ಅದಾಗಲಿಲ್ಲ.

ಅವನು ಹದಿನಾರು ವರ್ಷ ಜರ್ಮನಿಯವರ ಸರಕು ಹಡಗುಗಳಲ್ಲಿ ಎಂಜಿನ್ ಕೋಣೆಯಲ್ಲಿ ದುಡಿದವನು. ಬಾಯ್ಲರಿಗೆ ಹಾಕುವ ನೀರಿನಲ್ಲಿ ಉಪ್ಪಿದ್ದರೆ ಅದು ಕೊಳವೆಗಳನ್ನು ತಿಂದುಹಾಕುತ್ತದಂತೆ. ಅದಕ್ಕೆ ದಿನಾ ಬೆಳಗ್ಗೆ ನೀರು ಪರೀಕ್ಷೆ ಮಾಡುವುದು ಅವನ ಕೆಲಸ. ಒಂದು ಗಾಜಿನ ಲೋಟದಲ್ಲಿ ನೀರು, ಅದಕ್ಕೆ ಹಳದಿ ಬಣ್ಣ, ಆಮೇಲೆ ಇನ್ನೊಂದು ಸೀಸೆಯಿಂದ ಹನಿ ಹನಿಯಾಗಿ ಔಷಧ. ಹಳದಿ ನೀರು ಇಟ್ಟಿಗೆ ಬಣ್ಣಕ್ಕೆ ತಿರುಗಲು ಎಷ್ಟು ಹನಿ ಹಿಡಿಯಿತೋ ಅಷ್ಟು ಉಪ್ಪು. ಆ ಸೀಸೆಗಳನ್ನು ಅವನು ಹಡಗಿನಿಂದ ಜೊತೆಗೆ ತಂದಿದ್ದ. ತಂದನೋ ಕದ್ದನೋ, ನಾನು ಕೇಳಲಿಲ್ಲ. ನಾಲಿಗೆಯಲ್ಲಿ ಅಂದಾಜು ಮಾಡಿ, ಹನಿ ಹಾಕಿ ಖಾತ್ರಿ ಮಾಡಿಕೊಳ್ಳುತ್ತಿದ್ದ. ಔಷಧ ಮುಗಿದ ಮೇಲೆ ನಾಲಿಗೆಯೊಂದೇ ಸಾಕಾಯಿತು. ಅಷ್ಟು ಹೊತ್ತಿಗೆ ಅದು ಪಳಗಿತ್ತು.

ನಮ್ಮ ದ್ವೀಪ ಬಳೆಯ ಹಾಗೆ, ಬಳೆಯ ನಡುವೆ ಒಳಗಡಲು, ಆಚೆ ಹೊರಗಡಲು. ನಮ್ಮೂರು ಅಬಟೊರೊ ಎಷ್ಟು ಕಿರಿದೆಂದರೆ ಹೊರಗಡಲಿನ ಕಡೆ ನಿಂತು ಕೂಗಿದರೆ ಒಳಗಡಲಿನ ಕಡೆಯವರು ಓ ಎನ್ನುತ್ತಾರೆ. ನಡುವಿನ ದಿಬ್ಬದ ಮೇಲೆ ನನ್ನ ಮನೆ, ಚರ್ಚು, ಚಿಕ್ಕಪ್ಪ ಉರಿಯಾಮ್ ಮನೆ. ಮಯೆರೆಗೆ ಬಂದ ಪಾಲು ಒಳಗಡಲಿನ ತಗ್ಗಿನಲ್ಲಿ. ಅಲ್ಲಿ ಒಟ್ಟು ಇಪ್ಪತ್ತೆರಡು ಮನೆ. ನಡುವಿನ ಬಾವಿಗಳು ಸಿಹಿ, ತಗ್ಗಿನವು ತುಸು ಉಪ್ಪು. ಅದು ಅಜ್ಜ ಅಜ್ಜಿಯರ ಕಾಲದಿಂದ ಗೊತ್ತಿದ್ದದ್ದೇ. ಕರೊಟು ಅದಕ್ಕೆ ಲೆಕ್ಕ ಹಚ್ಚಿದ, ಅಷ್ಟೆ.

"ಅತ್ತಿಗೆ, ನಿಮ್ಮ ಬಾವಿ ಮೂರು ಹನಿ. ಊರಿಗೇ ಸಿಹಿ," ಎನ್ನುತ್ತಿದ್ದ. "ಬಾವಿಯ ಯಜಮಾನಿ ಮಾತ್ರ ಮೂವತ್ತು ಹನಿ."

"ಹೋಗಯ್ಯಾ, ನಿನ್ನ ಸೀಸೆ ಮುಳುಗಾ. ನನ್ನ ನೀರು ಕುಡಿದು ನನ್ನನ್ನೇ ಅಳೀತಾನೆ."

ನಮ್ಮಲ್ಲಿ ಹೆಂಡತಿಯ ಅಕ್ಕನಿಗೂ ತಂಗಿಯ ಗಂಡನಿಗೂ ಹೀಗೆ ಆಡಿಕೊಳ್ಳುವ ಸಲಿಗೆ ಇದೆ. ಊರಿನ ದೊಡ್ಡ ಚಾವಡಿಯಲ್ಲಿ ಮಾತ್ರ ಅವನಿಗೆ ಆ ಸಲಿಗೆ ಇರಲಿಲ್ಲ. ಚಾವಡಿಯಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಕಂಬದ ಬಳಿ ಕೂರುವ ಜಾಗ. ಹೆಂಡತಿಯ ಊರಿಗೆ ಬಂದು ನೆಲೆಸಿದ ಗಂಡಸು ಅವಳ ಮನೆತನದವರ ಬೆನ್ನ ಹಿಂದೆ ಕೂರಬೇಕು. ಕೇಳಿಸಿಕೊಳ್ಳಬಹುದು, ಬಾಯಿ ಬಿಡುವಂತಿಲ್ಲ.

ಅವರ ಮಗಳು ಹುಟ್ಟಿದಳು, ಬೆಳೆದಳು, ಮದುವೆಯಾಗಿ ಅಲ್ಲೇ ಪಕ್ಕದಲ್ಲಿ ಗುಡಿಸಲು ಹಾಕಿಕೊಂಡಳು. ನನ್ನ ಗಂಡ ತೀರಿಕೊಂಡರು. ಕರೊಟು ಮೀನು ಹಿಡಿದ, ಕೊಬ್ಬರಿ ಒಣಗಿಸಿದ, ಊರಿನ ಕೆಟ್ಟ ಮೋಟಾರುಗಳನ್ನೆಲ್ಲ ರಿಪೇರಿ ಮಾಡಿದ. ಹೀಗೇ ಮುದುಕನಾಗಿ ಹೋಗುತ್ತಿದ್ದನೋ ಏನೋ. ಅಷ್ಟರಲ್ಲಿ ಆ ಉಬ್ಬರ ಬಂತು.

ಪಡುವಣ ಗಾಳಿ ಮೂರು ದಿನ ಬಿಡದೆ ಬೀಸಿತ್ತು. ಬೆಳಗ್ಗೆ ಉಬ್ಬರ ಏರುವ ಹೊತ್ತಿಗೆ ಒಳಗಡಲು ಸದ್ದಿಲ್ಲದೆ ತಗ್ಗಿನ ಮನೆಗಳೊಳಗೆ ಬಂದು, ಒಲೆ ಆರಿಸಿ, ಬಾವಿಗಳ ಬಾಯಿ ಮುಚ್ಚಿ, ಕೆಸುವಿನ ಗುಂಡಿಗಳ ತುಂಬ ನಿಂತಿತು. ಮಧ್ಯಾಹ್ನ ಇಳಿದುಹೋಯಿತು. ಒಂದು ಜೀವವೂ ಹೋಗಲಿಲ್ಲ. ಆದರೆ ಗುಂಡಿಗಳಲ್ಲಿ ಮದುವೆ ಹಬ್ಬಕ್ಕೆಂದು ಹತ್ತು ಹದಿನೈದು ವರ್ಷದಿಂದ ಬೆಳೆಸಿದ್ದ ಕೆಸುವಿನ ಗಡ್ಡೆಗಳು ಇದ್ದಲ್ಲೇ ಕೊಳೆತವು. ನಾರುವ ನಾತಕ್ಕೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮಯೆರೆಯ ಬಾವಿ ಒಂಬತ್ತು ಹನಿಯಿಂದ ಮೂವತ್ತೊಂದಕ್ಕೆ ಹೋಗಿದೆ ಎಂದ ಕರೊಟು, ಬರಿ ನಾಲಿಗೆಯಲ್ಲಿ ನೋಡಿ. ಅನ್ನಕ್ಕೆ ಬೇರೆ ಉಪ್ಪು ಬೇಕಿರಲಿಲ್ಲ. ಹಾಲಿನ ಪುಡಿ ಕಲಸಿದರೆ ಒಡೆಯುತ್ತಿತ್ತು. ಸೋಪು ನೊರೆ ಬರುತ್ತಿರಲಿಲ್ಲ. ಮಕ್ಕಳ ಮೈತುಂಬ ಕಜ್ಜಿ. ಮಳೆ ಬಂದು ತೊಳೆದೀತು ಎಂದು ಎರಡು ವರ್ಷ ಕಾದರು. ತೊಳೆಯಲಿಲ್ಲ, ಯಾಕೆಂದರೆ ಸಮುದ್ರ ಪ್ರತಿ ವರ್ಷ ಮತ್ತೆ ಬರತೊಡಗಿತು.

ಆಗ ಬ್ಯಾಂಕಿನ ಸುದ್ದಿ ಬಂತು. ನಮಗೆ ನಿಮಗೆ ಕೊಡುವ ಬ್ಯಾಂಕಲ್ಲ, ದೇಶಗಳಿಗೆ ಕೊಡುವ ಬ್ಯಾಂಕು. ಸಮುದ್ರ ಏರುತ್ತಿರುವ ನಮ್ಮಂಥ ಪುಟ್ಟ ದ್ವೀಪಗಳಿಗೆ ಸಹಾಯ ಮಾಡುತ್ತದಂತೆ. ನೀರು ಕೆಟ್ಟಿರುವ ಊರುಗಳಿಗೆ ತಗಡಿನ ಮಾಡು, ಮಳೆನೀರು ಹಿಡಿಯುವ ದಂಬೆ, ಮನೆಗೊಂದು ದೊಡ್ಡ ಟ್ಯಾಂಕು. ಮೊದಲು ಅವರ ಜನ ಬಂದು ಪ್ರತಿ ಊರಿನ ಮೂರು ಬಾವಿಗಳ ನೀರು ನೋಡುತ್ತಾರೆ ಎಂದು ದ್ವೀಪದ ಪಂಚಾಯಿತಿಯ ಗುಮಾಸ್ತ, ಬೋಟು ಎಂಬವನು, ಬಂದು ಹೇಳಿಹೋದ.

ಚಾವಡಿಯಲ್ಲಿ ಸಭೆ ಸೇರಿತು. ಉರಿಯಾಮ್ ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡು ಹೇಳಿದ: "ಅತಿಥಿಗಳು ನಮ್ಮೂರ ನೀರು ಕೇಳ್ತಿದಾರೆ. ಇರೋದ್ರಲ್ಲಿ ಒಳ್ಳೇದನ್ನೇ ಕೊಡೋಣ. ಟೆರುಬೆಯಾ ಬಾವಿ, ಚರ್ಚಿನ ಬಾವಿ, ನನ್ನ ಬಾವಿ."

ಎಲ್ಲರೂ ಹೌದೌದು ಎಂದೆವು. ನನ್ನ ಹೆಸರು ಮೊದಲು ಬಂದದ್ದಕ್ಕೆ ನಾನು ಬೀಗಿಕೊಂಡು ಕೂತೆ, ಸುಳ್ಳು ಯಾಕೆ ಹೇಳಲಿ. ಅತಿಥಿ ಬಂದರೆ ಮನೆಯ ಹರಕು ಚಾಪೆ ಮಡಚಿಟ್ಟು ಹೊಸದು ಹಾಸುವುದು ನಮ್ಮ ರಕ್ತದಲ್ಲಿದೆ. ಬೇರೆ ಥರ ಯೋಚಿಸಲು ನಮಗೆ ಬರುವುದೇ ಇಲ್ಲ. ನನ್ನ ಬೆನ್ನ ಹಿಂದೆ ಕರೊಟು ಉಸಿರು ಎಳೆದುಕೊಂಡದ್ದು ಕೇಳಿಸಿತು. ತಿರುಗಿ ನೋಡಿದೆ. ಬಾಯಿ ತೆರೆದಿದ್ದ. ಹಾಗೇ ಮುಚ್ಚಿಕೊಂಡ.

ಮೂವರು ಬಂದರು: ಕನ್ನಡಕದ ಒಬ್ಬ ಹೆಂಗಸು, ಕಡ್ಡಿಯಂಥ ಯಂತ್ರ ಹಿಡಿದ ಗಂಡಸು, ಮಾತು ತಿರುಗಿಸಿ ಹೇಳಲು ರಾಜಧಾನಿ ತರಾವಾದಿಂದ ಬಂದ ನಮ್ಮವನೇ ಒಬ್ಬ. ಎಳನೀರು ಕೆತ್ತಿ ಕೊಟ್ಟೆವು, ಕೋಳಿ, ಮೀನು, ಕರಿದ ದೀವಿಹಲಸು ಬಡಿಸಿದೆವು. ಹೆಣ್ಣುಮಕ್ಕಳು ಕುಣಿದರು. ಆಮೇಲೆ ಬಾವಿ ನೋಡಲು ಎದ್ದರು. ನೀರಿನ ವಿಷಯ ತಿಳಿದವನು ಎಂದು ಹಗ್ಗ ಬಕೆಟ್ಟು ಕರೊಟುವಿನ ಕೈಗೆ ಕೊಟ್ಟಿದ್ದರು.

ನಾನು ಮೂರು ದಿನ ಮೊದಲೇ ಬಾವಿಕಟ್ಟೆ ಉಜ್ಜಿ, ಸುತ್ತ ಬಿಳಿ ಚಿಪ್ಪು ಹರಡಿ ಇಟ್ಟಿದ್ದೆ. ಹೆಂಗಸು ಬಗ್ಗಿ ನೋಡಿ ಏನೋ ಅಂದಳು. "ಎಷ್ಟು ತಿಳಿಯಾಗಿದೆ ಅಂತಿದಾರೆ," ಎಂದ ತರಾವಾದವನು. ನಾನು ಹಿಗ್ಗಿ ಹೀರೇಕಾಯಿ ಆದೆ.

ಕರೊಟು ನನ್ನ ಹತ್ತಿರ ಸರಿದು ಮೆಲ್ಲಗೆ, "ಅತ್ತಿಗೆ, ಇವರು ನೀರು ಕುಡಿಯೋಕೆ ಬಂದಿಲ್ಲ," ಎಂದ.

"ಮತ್ಯಾಕೆ ಬಂದಿದಾರೆ?"

"ಅಳೆಯೋಕೆ."

"ಅಳೀಲಿ ಬಿಡು. ನನ್ನ ನೀರಿಗೇನು ಕಮ್ಮಿ?"

ಅವನು ನನ್ನನ್ನು ಒಂದು ಗಳಿಗೆ ನೋಡಿದ. ಹಿರಿಯರು ಅಲ್ಲೇ ನಿಂತಿದ್ದರು. ಬಕೆಟ್ಟು ಇಳಿಬಿಟ್ಟ. ನೀರು ಸೇದಿ, ಅವರು ಹಿಡಿದ ಸೀಸೆಗೆ ಒಂದು ಹನಿ ಹೊರಗೆ ಚೆಲ್ಲದ ಹಾಗೆ ತಾನೇ ತುಂಬಿಸಿಕೊಟ್ಟ. ಆಮೇಲೆ ಚರ್ಚಿನ ಬಾವಿ, ಆಮೇಲೆ ಉರಿಯಾಮ್ ಬಾವಿ. ತಗ್ಗಿನ ಕಡೆ ಅವರು ತಲೆ ಹಾಕಲಿಲ್ಲ. ವಿಮಾನಕ್ಕೆ ಹೊತ್ತಾಗಿತ್ತು.

ಅವತ್ತು ಬಕೆಟ್ಟನ್ನು ಅಲ್ಲೇ ಬಿಟ್ಟು "ಬನ್ನಿ ನಮ್ಮ ಮನೆಗೆ" ಎಂದಿದ್ದರೆ ಮುಗಿದುಹೋಗುತ್ತಿತ್ತು. ಅನ್ನಲಿಲ್ಲ. ಅದೊಂದನ್ನೇ ಅವನು ಕೊನೆಯವರೆಗೂ ಕೆರೆದುಕೊಂಡ.

ಎಂಟು ತಿಂಗಳಾದ ಮೇಲೆ ಟ್ಯಾಂಕುಗಳನ್ನು ಹೊತ್ತ ದೊಡ್ಡ ದೋಣಿ ಒಳಗಡಲಿಗೆ ಬಂತು. ಕಪ್ಪು ಟ್ಯಾಂಕುಗಳು, ಆನೆಮರಿಗಳ ಹಾಗೆ ಸಾಲಾಗಿ. ಇಡೀ ಊರು ಹೂವಿನ ಮಾಲೆ ಹಿಡಿದು ದಂಡೆಯಲ್ಲಿ ನಿಂತು ಹಾಡಿತು. ದೋಣಿ ನಮ್ಮ ಮುಂದೆಯೇ ಹಾದು, ಕೈ ಬೀಸಿ, ಪಕ್ಕದ ತೆಕಾನಾ ಊರಿಗೆ ಹೋಗಿ ನಿಂತಿತು. ನಾವು ಇನ್ನೊಂದು ಹಾಡು ಹಾಡಿದೆವು, ಅಲ್ಲಿ ಅರ್ಧ ಇಳಿಸಿ ಬರುತ್ತಾರೇನೋ ಎಂದು. ಅವರು ಎಲ್ಲವನ್ನೂ ಅಲ್ಲೇ ಇಳಿಸಿದರು.

ತೆಕಾನಾದವರಿಗೆ ನಡುದಿಬ್ಬವೇ ಇಲ್ಲ, ತೋರಿಸಲು ಒಂದೂ ಸಿಹಿ ಬಾವಿ ಇರಲಿಲ್ಲ. ಅದೇ ಅವರ ಪುಣ್ಯವಾಯಿತು. ನಮ್ಮೂರ ಹೆಸರಿನ ಮುಂದೆ ಏನು ಬರೆದಿದೆ ಎಂದು ಬೋಟು ಕಾಗದ ಓದಿ ಹೇಳಿದ: "ಅಬಟೊರೊ. ನೀರು ಉತ್ತಮ. ಸದ್ಯಕ್ಕೆ ಅಗತ್ಯವಿಲ್ಲ."

ಕರೊಟು ಅವತ್ತೇ ಮೊದಲ ಕಾಗದ ಬರೆದ. ತಗ್ಗಿನ ಇಪ್ಪತ್ತೆರಡು ಬಾವಿಗಳ ಹನಿ ಲೆಕ್ಕ, ಹಿಂದಿನದೂ ಈಗಿನದೂ, ಗೆರೆ ಎಳೆದು ಬರೆದ. ಪಂಚಾಯಿತಿಯವರು ಇದು ನಮ್ಮ ಕೈಲಿಲ್ಲ, ಇಲಾಖೆಗೆ ಬರಿ ಎಂದರು. ಇಲಾಖೆಯವರು ಬ್ಯಾಂಕಿನ ಕೆಲಸ ನೋಡುವ ಕಚೇರಿಗೆ ಬರಿ ಎಂದರು. ಆ ಕಚೇರಿಯವರು ಒಂದು ವರ್ಷ ಸುಮ್ಮನಿದ್ದು, ಅರ್ಜಿ ಪಂಚಾಯಿತಿಯ ಮೂಲಕ ಬರಬೇಕು ಎಂದರು. ಅವನು ಮತ್ತೆ ಬೋಟುವಿನ ಮುಂದೆ ಹೋಗಿ ನಿಂತ.

"ನೀನು ಮತ್ತೆ ಬಂದ್ಯಾ ಮಾರಾಯಾ," ಎಂದ ಬೋಟು. "ನಾನು ಇದೇ ಕಾಗದ ಕಳಿಸಿದ್ನಲ್ಲ."

"ನೀನು ಕಳಿಸಿದ್ದು ಅವರಿಗೆ ಹೋಗಿ, ಅವರು ಕಳಿಸಿದ್ದು ಇವರಿಗೆ ಹೋಗಿ, ಇವರು ನನ್ನನ್ನ ನಿನ್ನ ಹತ್ರ ಕಳಿಸಿದಾರೆ. ಸಮುದ್ರಾನೇ ವಾಸಿ. ವರ್ಷಕ್ಕೊಂದ್ಸಲ ನೇರ ಮನೆಗೇ ಬರ್ತದೆ."

ನಡುವೆ ಅತಿಥಿಗಳಿಗೇನೂ ಕೊರತೆ ಇರಲಿಲ್ಲ. ಒಂದು ತಂಡ ಬಂದು ಬಣ್ಣದ ಚೀಟಿ ಹಂಚಿ, ನಿಮಗೆ ಬೇಕಾದದ್ದು ಬರೆದು ಚಾವಡಿಯ ಕಂಬಕ್ಕೆ ಅಂಟಿಸಿ ಎಂದಿತು. ತಗ್ಗಿನವರೆಲ್ಲ ನೀರು ಎಂದು ಬರೆದರು. ಮುಂದಿನ ವರ್ಷ ಇನ್ನೊಂದು ತಂಡ ಬಂದು ಸಮುದ್ರ ಏರುತ್ತಿದೆ ಎಂದು ಎರಡು ದಿನ ಚಿತ್ರ ತೋರಿಸಿ ಪಾಠ ಮಾಡಿತು. ಹಿಂದೆ ಕೂತ ಕರೊಟು ನನ್ನ ಕಿವಿಯಲ್ಲಿ, "ಅತ್ತಿಗೆ, ನನ್ನ ಒಲೆ ಒಳಗೆ ಸಮುದ್ರ ಇದೆ. ಅದು ಏರ್ತಿದೆ ಅಂತ ಹೇಳೋಕೆ ಇವರು ವಿಮಾನದಲ್ಲಿ ಬಂದಿದಾರೆ," ಎಂದ. ನನಗೆ ನಗು ತಡೆಯಲಾಗದೆ ಉರಿಯಾಮ್ ಚಿಕ್ಕಪ್ಪನಿಂದ ಬೈಸಿಕೊಂಡೆ.

ನಾಲ್ಕನೇ ವರ್ಷ ಅವನು ಕೊಬ್ಬರಿ ಹಡಗು ಹತ್ತಿ ತರಾವಾಕ್ಕೇ ಹೋದ. ಒಂಬತ್ತು ದಿನ ಕಚೇರಿಯ ಬೆಂಚಿನ ಮೇಲೆ ಕೂತನಂತೆ. ನೋಡಬೇಕಾದ ಅಧಿಕಾರಿ ಹವಾಮಾನದ ಸಭೆಗೆಂದು ಪರದೇಶಕ್ಕೆ ಹೋಗಿದ್ದರು. ಬಂದರು, ಮತ್ತೆ ಹೋದರು. ಹತ್ತನೆಯ ದಿನ ಒಬ್ಬ ಹೆಣ್ಣುಮಗಳು, ಅಲ್ಲೇ ಕೆಲಸ ಮಾಡುವವಳು, ಪಾಪ ಒಳ್ಳೆಯವಳು, ಕೂರಿಸಿಕೊಂಡು ಅವನ ಲೆಕ್ಕವನ್ನೆಲ್ಲ ಓದಿದಳು. ಓದಿ ಹೇಳಿದಳಂತೆ: ಬ್ಯಾಂಕಿನ ಪುಸ್ತಕದಲ್ಲಿ ಒಮ್ಮೆ ಉತ್ತಮ ಎಂದು ಬರೆದದ್ದನ್ನು ಅಳಿಸಬೇಕಾದರೆ ಆ ಮೂರು ಬಾವಿಗಳ ಯಜಮಾನರೇ ಬರೆದುಕೊಡಬೇಕು, ನಾವು ತೋರಿಸಿದ್ದು ತಪ್ಪು ಮಾಹಿತಿ ಎಂದು. ಮೂರು ಸಹಿ. ಆಮೇಲೆ ಮತ್ತೆ ಅಳೆಯಲು ಜನ ಕಳಿಸಬಹುದು.

"ನಾನು ಹಾಕ್ತೀನಿ ಸಹಿ. ನೀರು ಸೇದಿದ್ದು ನಾನೇ," ಎಂದನಂತೆ ಕರೊಟು.

"ಆ ಮೂರರಲ್ಲಿ ನಿಮ್ಮ ಬಾವಿ ಇಲ್ವಲ್ಲ ಯಜಮಾನ್ರೇ," ಎಂದಳಂತೆ ಅವಳು.

ಆ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡು ಬಂದ. ಹಡಗಿನಲ್ಲಿ ಮೂರು ದಿನ ಮಲಗಿದ್ದರೂ ಬಿಚ್ಚಿರಲಿಲ್ಲ. ಮಯೆರೆ ಅದನ್ನು ಹಿಡಿದುಕೊಂಡು ಚಾವಡಿಗೆ ಹೋಗಿ ನಮ್ಮ ಮನೆತನದ ಜಾಗದಲ್ಲಿ ಕೂತು ತಾನೇ ಓದಿ ಹೇಳಿದಳು. ಹೆಂಗಸು ಚಾವಡಿಯಲ್ಲಿ ಓದಿದ್ದು ಅದೇ ಮೊದಲು.

ಉರಿಯಾಮ್ ಚಿಕ್ಕಪ್ಪ ಅವಳ ಕಡೆ ಪೂರ್ತಿ ತಿರುಗಿ ಕೂತ. "ನಾವು ಸುಳ್ಳು ಹೇಳಿದ್ವಾ? ಹೇಳು ಮಯೆರೆ. ಆ ನೀರು ನಮ್ಮೂರದಲ್ವಾ? ನನ್ನ ಬಾವೀಲಿ ಬೇರೆಯವರ ನೀರಿತ್ತಾ?"

"ಸುಳ್ಳಲ್ಲ ಚಿಕ್ಕಪ್ಪ. ಆದ್ರೆ ಅಷ್ಟೇ ನಿಜ ಅಲ್ಲ."

"ಒಳ್ಳೇದು ಕೊಟ್ಟೋರನ್ನ ತಪ್ಪು ಮಾಡಿದೋರು ಅಂತ ಬರಕೊಡು ಅಂತಾರೆ. ಅಂಥಾ ಬ್ಯಾಂಕು ನನಗೆ ಬೇಡ. ನಾನು ಸತ್ತ ಮೇಲೂ ಆ ಕಾಗದ ಇರತ್ತೆ. ಅಬಟೊರೊದ ಹಿರಿಯರು ಸುಳ್ಳರು ಅಂತ ನನ್ನ ಮೊಮ್ಮಕ್ಕಳು ಓದ್ಬೇಕಾ?"

ಚರ್ಚಿನ ಕಡೆಯವರು, ಹಿರಿಯರು ಹಾಕಿದರೆ ನಾವೂ ಹಾಕುತ್ತೇವೆ ಎಂದು ಜಾರಿಕೊಂಡರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಮೂರನೇ ತರಗತಿ ಓದಿದವಳು, ಹೆಸರು ಬರೆಯಲು ಬರುತ್ತದೆ. ತಲೆ ತಗ್ಗಿಸಿ ಚಾಪೆಯ ಅಂಚು ಕೀಳುತ್ತಾ ಕೂತೆ. ಹೊರಗೆ ಬಂದ ಮೇಲೆ ಮಯೆರೆ ನನ್ನ ಮೇಲೆ ಹರಿಹಾಯ್ದಳು.

"ಬಾವಿಕಟ್ಟೆಗೆ ಚಿಪ್ಪು ಹಾಸೋಕೆ ಬರತ್ತೆ, ಒಂದು ಸಹಿ ಹಾಕೋಕೆ ಬರಲ್ವಾ ನಿಂಗೆ?"

"ಚಿಕ್ಕಪ್ಪನ್ನ ಎದುರು ಹಾಕ್ಕೊಂಡು ನಾನೊಬ್ಳು ಸುಳ್ಳಿ ಅನ್ನಿಸ್ಕೊಳ್ಲಾ? ನಿನ್ನ ಗಂಡನಿಗೆ ಅವತ್ತು ಬಾಯಿ ಇರಲಿಲ್ವಾ?"

ಕರೊಟು ನಮ್ಮಿಬ್ಬರ ನಡುವೆ ಬಂದು ನಿಂತು, "ಬಿಡೇ ಮಯೆರೆ. ಅತ್ತಿಗೆ ಹೇಳಿದ್ದು ಸರಿ. ಬಾಯಿ ಇತ್ತು, ಮುಚ್ಕೊಂಡಿದ್ದೆ," ಎಂದ. ಅವನು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಅಂದಿನಿಂದ ಅವನು ನನ್ನ ಬಾವಿಯ ನೀರು ಕುಡಿಯುವುದನ್ನು ಬಿಟ್ಟ. ತಗ್ಗಿನವರೆಲ್ಲ ಬೆಳಗ್ಗೆ ನನ್ನಲ್ಲಿಗೆ ಬಂದು ಸಾಲು ನಿಲ್ಲುತ್ತಿದ್ದರು, ಮನೆಗೆ ಎರಡು ಬಕೆಟ್ಟು. ಅದಕ್ಕಿಂತ ಹೆಚ್ಚು ಸೇದಿದರೆ ಅಡಿಯಿಂದ ಉಪ್ಪು ಮೇಲೆ ಬರುತ್ತದೆ ಎಂದು ಅವನೇ ಕಟ್ಟು ಮಾಡಿದ್ದ. ಮಯೆರೆಯ ಪಾಲಿನ ಎರಡು ಬಕೆಟ್ಟು ಮಗಳ ಮಕ್ಕಳಿಗೆ ಹೋಗುತ್ತಿತ್ತು. ಇವನು ತನ್ನ ಬಾವಿಯದನ್ನೇ ಕಾಯಿಸಿ ಕುಡಿಯುತ್ತಿದ್ದ. "ಯಾಕಯ್ಯಾ ಈ ಹಟ? ನನ್ನ ಮೇಲೆ ಸಿಟ್ಟಾ?" ಎಂದು ಕೇಳಿದೆ.

"ಸಿಟ್ಟಲ್ಲ ಅತ್ತಿಗೆ. ಎರಡು ಬಕೆಟ್ಟಲ್ಲಿ ನಾನೊಂದು ಲೋಟ ಕುಡಿದ್ರೆ ಮೊಮ್ಮಗಂಗೆ ಒಂದು ಲೋಟ ಕಮ್ಮಿ. ಲೆಕ್ಕ ಅಷ್ಟೇ."

ಮತ್ತೊಂದು ವರ್ಷ ಕಳೆದು ಕಡಲಗೋಡೆಯ ವಿಷಯಕ್ಕೆಂದು ಅದೇ ಬ್ಯಾಂಕಿನ ತಂಡ ಬಂತು. ಚಾವಡಿಯಲ್ಲಿ ಎಳನೀರು ಹಂಚುವ ಹೊತ್ತಿಗೆ ಕರೊಟು ಹಿಂದಿನ ಜಾಗದಿಂದ ಎದ್ದ. ಕೈಯಲ್ಲಿ ಒಂದು ಲೋಟ. ಎಲ್ಲರ ನಡುವೆ ನಡೆದುಕೊಂಡು ಹೋಗಿ ತಂಡದ ಮುಖ್ಯಸ್ಥನ ಮುಂದೆ ಹಿಡಿದ. "ಇದು ನಮ್ಮ ಮನೆ ನೀರು. ದಯವಿಟ್ಟು ಕುಡೀರಿ."

ಉರಿಯಾಮ್ ಕೂತಲ್ಲಿಂದಲೇ ಗುಡುಗಿದ. "ಯಾರಲ್ಲಿ, ಆ ಲೋಟ ತಗೊಳ್ಳಿ! ಅತಿಥಿಗೆ ಎಳನೀರು ಕೊಡಿ!"

ಇಷ್ಟಾದರೂ ಆ ಮುಖ್ಯಸ್ಥ ಒಂದು ಗುಟುಕು ಕುಡಿದಿದ್ದರೆ ಸಾಕಿತ್ತು. ಅವನು ನಗುತ್ತಾ ಎರಡೂ ಕೈಯಲ್ಲಿ ಲೋಟ ತೆಗೆದುಕೊಂಡ, ಪಕ್ಕದಲ್ಲಿಟ್ಟ, ತನ್ನ ಚೀಲದಿಂದ ಪೇಟೆಯ ನೀರಿನ ಬಾಟಲಿ ತೆಗೆದು ಕುಡಿದ. ಹೊರಗಿನ ನೀರು ಕುಡಿಯಬಾರದೆಂದು ಅವರಿಗೆ ಕಚೇರಿಯ ಅಪ್ಪಣೆಯಂತೆ. ನಮ್ಮ ನೀರು ಸಿಹಿಯೋ ಉಪ್ಪೋ ಎಂದು ಇಷ್ಟು ವರ್ಷದಲ್ಲಿ ಅವರಲ್ಲಿ ಒಬ್ಬನ ನಾಲಿಗೆಗೂ ಗೊತ್ತಿರಲಿಲ್ಲ.

ತಂಡ ಹೋದ ಮೇಲೆ ಹಿರಿಯರು ಕರೊಟುವಿಗೆ ದಂಡ ಹಾಕಿದರು. ಚಾವಡಿಗೆ ಒಂದು ಹಂದಿ, ಒಂದು ವರ್ಷ ಒಳಗೆ ಕಾಲಿಡುವಂತಿಲ್ಲ. ಹಂದಿಯನ್ನು ತಾನೇ ಕಟ್ಟಿ ತಂದು ಮೆಟ್ಟಿಲ ಮುಂದೆ ಬಿಟ್ಟು, "ಇದಕ್ಕೂ ಇದೇ ನೀರು ಕುಡಿಸಿ ಬೆಳೆಸಿದ್ದು ಮಾವಾ. ಮಾಂಸಕ್ಕೆ ಉಪ್ಪು ಹಾಕ್ಬೇಡಿ," ಎಂದು ಉರಿಯಾಮ್‌ಗೆ ಹೇಳಿ ಹೋದ. ಕೆಲವರು ನಕ್ಕರು. ನಾನು ಮಾಂಸ ತಿಂದೆ. ರುಚಿಯಾಗಿಯೇ ಇತ್ತು, ಅದೇ ನನ್ನನ್ನು ಹೆಚ್ಚು ಕಾಡಿದ್ದು.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅವನ ಕಾಲು ಊದಿಕೊಂಡಿತು, ಆಮೇಲೆ ಮುಖ. ಆಸ್ಪತ್ರೆಯ ನರ್ಸು ರಕ್ತದ ಒತ್ತಡ ಎಂದಳು, ಮೂತ್ರಪಿಂಡ ಎಂದಳು, ಉಪ್ಪು ಮುಟ್ಟಬೇಡಿ ಎಂದಳು. ಮಯೆರೆ ಗುಟ್ಟಾಗಿ ನನ್ನ ಬಾವಿಯ ನೀರು ತಂದು ಅವನ ಲೋಟಕ್ಕೆ ಹಾಕುತ್ತಿದ್ದಳು. ಅವನಿಗೆ ಕಣ್ಣು ಮಂಜಾಗಿತ್ತು, ನಾಲಿಗೆ ಆಗಿರಲಿಲ್ಲ. ಒಂದು ಗುಟುಕಿಗೇ, "ಇದು ಅತ್ತಿಗೆ ಬಾವೀದು. ನಾಲ್ಕೂವರೆ ಹನಿ. ಅದೂ ಏರ್ತಿದೆ, ಅವರಿಗೆ ಹೇಳು," ಎಂದು ಲೋಟ ಆಚೆ ಇಡುತ್ತಿದ್ದನಂತೆ.

ಆ ಹೊತ್ತಿಗೆ ಉರಿಯಾಮ್ ಚಿಕ್ಕಪ್ಪನೂ ತೀರಿಕೊಂಡಿದ್ದ, ಸಹಿ ಹಾಕದೆ. ಅವನ ಬಾವಿ ಮೂವರು ಮಕ್ಕಳಿಗೆ ಸೇರಿತು. ಅವರಲ್ಲಿ ಇಬ್ಬರು ಊರಲ್ಲೇ ಇಲ್ಲ. ಈಗ ಮೂರು ಸಹಿಯ ಬದಲು ಐದು ಬೇಕು ಎಂದು ಬೋಟು ಲೆಕ್ಕ ಹಾಕಿ ಹೇಳಿದ. ನಾನು ನನ್ನ ಹೆಸರು ಬರೆದುಕೊಟ್ಟೆ ಕೊನೆಗೆ, ಒಂದು ಮಧ್ಯಾಹ್ನ ಯಾರಿಗೂ ಹೇಳದೆ ಬೋಟುವಿನ ಕಚೇರಿಗೆ ನಡೆದುಹೋಗಿ. ಅದನ್ನು ಅವನು ಕಡತದಲ್ಲಿಟ್ಟ. ಒಂದು ಸಹಿಗೆ ಅರ್ಥವಿಲ್ಲವಂತೆ, ಆದರೂ ಇರಲಿ ಎಂದ.

ಮುಂದಿನ ತಿಂಗಳು ಎರಡನೇ ಹಂತಕ್ಕೆಂದು ಹೊಸ ತಂಡ ಬರುತ್ತದೆ ಎಂಬ ಸುದ್ದಿಯೂ ಅಲ್ಲೇ ಸಿಕ್ಕಿತು. ಅಳೆಯಲಲ್ಲ, ಭೇಟಿಗೆ ಮಾತ್ರ. ಆ ಮುಂದಿನ ತಿಂಗಳು ಹೋಗಿ ಹನ್ನೊಂದು ತಿಂಗಳಾಯಿತು. ತಂಡ ಇನ್ನೂ ಬಂದಿಲ್ಲ. ಬರುತ್ತದೆ ಎನ್ನುತ್ತಾರೆ. ಕರೊಟು ಅಷ್ಟು ದಿನ ಉಳಿಯಲಿಲ್ಲ.

ಸಹಿ ಹಾಕಿದ ಆ ಮಧ್ಯಾಹ್ನ, ಸುದ್ದಿ ಹೇಳೋಣವೆಂದು ಬೋಟುವಿನ ಕಚೇರಿಯಿಂದ ನೇರ ಮಯೆರೆಯ ಮನೆಗೆ ಹೋದೆ. ಕರೊಟು ಒಳಗಡಲಿನ ಗಾಳಿಗೆ ಮುಖ ಮಾಡಿ ಚಾಪೆಯ ಮೇಲೆ ಒರಗಿದ್ದ. ಸಹಿ ಹಾಕಿದೆ ಎಂದೆ.

"ಅಯ್ಯೋ, ಈಗ ಸುಳ್ಳಿ ಆದ್ರಲ್ಲ ಅತ್ತಿಗೆ," ಎಂದು ನಕ್ಕ. ನಗು ಕೆಮ್ಮಾಯಿತು. ಬೆನ್ನು ನೀವಿದೆ. ತಂಡ ಬರುವ ವಿಷಯ ಹೇಳಿದೆ. ಅವನು ಮೊಣಕೈ ಊರಿ ಎದ್ದು ಕೂತ.

"ಉರಿಯಾಮ್ ಮಾವ ಇಲ್ಲ. ಈಗ ಊರಿಗೆ ದೊಡ್ಡೋರು ನೀವೇ. ಅತಿಥಿಗೆ ಮೊದಲ ಲೋಟ ನಿಮ್ಮ ಕೈಯಿಂದಲೇ ಹೋಗೋದು."

"ಅದಕ್ಕೇನೀಗ?"

"ಎಳನೀರು ಕೆತ್ತಿಸ್ಬೇಡಿ. ಟೀ ಮಾಡ್ಬೇಡಿ. ನಿಮ್ಮ ಬಾವಿ ಮೇಲೆ ಒಂದು ಚಾಪೆ ಮುಚ್ಚಿ. ಇಲ್ಲಿಗೆ ಬಂದು, ನಮ್ಮ ಬಾವೀಲಿ ನೀವೇ ಸೇದಿ, ಆ ನೀರು ತಗೊಂಡ್ಹೋಗಿ ಕೊಡಿ."

"ಕುಡಿಯಲ್ಲ ಕಣಯ್ಯಾ ಅವರು. ಬಾಟ್ಲಿ ತರ್ತಾರೆ. ನೀನೇ ನೋಡಿದ್ಯಲ್ಲ."

"ಗೊತ್ತು." ಅವನು ನನ್ನ ಮಣಿಕಟ್ಟು ಹಿಡಿದುಕೊಂಡ. ಊದಿದ ಬೆರಳುಗಳು, ಬಲ ಇರಲಿಲ್ಲ. "ಅವರು ಕುಡೀದಿದ್ರೆ ನೀವು ಕುಡೀರಿ. ಅವರೆದುರಿಗೆ ನಿಂತು, ಇಡೀ ಲೋಟ. ಕುಡಿಯೋವಾಗ ಮುಖ ಹೇಗಾಗತ್ತೋ ಹಾಗೇ ಆಗೋಕೆ ಬಿಡಿ. ನಗಬೇಡಿ. ಅತಿಥಿ ಮುಂದೆ ನಗ್ತೀರಿ ನೀವು, ನನಗೆ ಗೊತ್ತು. ಅವತ್ತೊಂದಿನ ನಗಬೇಡಿ ಅತ್ತಿಗೆ."